ಹೂತಿಟ್ಟ ತಲಾಂತು



ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಒಂದು ಸಾಮ್ಯವಿದೆ. ದೂರ ಪ್ರಯಾಣ ಹೊರಟ ಯಜಮಾನನೊಬ್ಬ ತನ್ನ ಮೂವರು ಆಳುಗಳನ್ನು ಕರೆದು, ಅವರವರ ಶಕ್ತಿಗೆ ತಕ್ಕಂತೆ ಒಬ್ಬನಿಗೆ ಐದು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ತಲಾಂತನ್ನು ಒಪ್ಪಿಸುತ್ತಾನೆ. ಮೊದಲಿಬ್ಬರು ವ್ಯಾಪಾರ ಮಾಡಿ ಅದನ್ನು ಇಮ್ಮಡಿಗೊಳಿಸುತ್ತಾರೆ. ಮೂರನೆಯವನು ನೆಲ ಅಗೆದು ಹೂತಿಡುತ್ತಾನೆ. ಯಜಮಾನ ಹಿಂತಿರುಗಿದಾಗ ಅದನ್ನು ಹಾಗೆಯೇ ತಂದೊಪ್ಪಿಸಿ ಛೀಮಾರಿಗೆ ಗುರಿಯಾಗುತ್ತಾನೆ.

ಪಾಪ, ಅವನಿಗೆ ಸಿಕ್ಕಿದ್ದೇ ಒಂದು, ಅದರಲ್ಲಿ ಏನು ಮಾಡಿಯಾನು ಎಂದು ನಮಗನ್ನಿಸುತ್ತದೆ. ಒಂದಿಷ್ಟು ಲೆಕ್ಕ ಹಾಕೋಣ. ತಲಾಂತು ಎಂಬುದು ನಾಣ್ಯವಲ್ಲ, ತೂಕದ ಅಳತೆ. ಅಷ್ಟು ಬೆಳ್ಳಿಯ ಬೆಲೆ ಸುಮಾರು 6000 ದಿನಾರಿ. ಆ ಕಾಲದ ಕೂಲಿಯಾಳಿನ ಒಂದು ದಿನದ ದುಡಿಮೆಗೆ ಒಂದು ದಿನಾರಿ. ವರ್ಷಕ್ಕೆ 300 ದಿನ ದುಡಿದರೂ ಇಪ್ಪತ್ತು ವರ್ಷದ ಸಂಪಾದನೆ! ಅವನು ಬಡವನಾಗಿರಲಿಲ್ಲ. ತಾನು ಹೆದರಿದೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಅವನನ್ನು ಕೆಡಿಸಿದ್ದು ಕೊರತೆಯಲ್ಲ, ಭಯ.

ಇಂಗ್ಲಿಷಿನಲ್ಲಿ ಪ್ರತಿಭೆಗೆ ಟ್ಯಾಲೆಂಟ್ ಎಂಬ ಹೆಸರು ಬಂದದ್ದು ಈ ಸಾಮ್ಯದಿಂದಲೇ. ಆದರೆ ಪ್ರತಿಭೆ ಎಂದೊಡನೆ ನಮಗೆ ಹಾಡು, ಭಾಷಣ, ಪಾಂಡಿತ್ಯಗಳಷ್ಟೇ ನೆನಪಾಗುತ್ತವೆ. ಕೈಕಸುಬು ನೆನಪಾಗುವುದಿಲ್ಲ.

ನಮ್ಮ ಮಂಗಳೂರನ್ನೇ ನೋಡಿ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ ಭಾಷಾ ವಿದ್ವಾಂಸರು. ಸುಮಾರು 70,000 ಪದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಅವರ ಹೆಸರನ್ನು ಎಷ್ಟು ಮಂದಿ ಕೇಳಿದ್ದೀರಿ? ಅವರು ಮುದ್ರಣಾಲಯದ ಕೆಲಸ, ಯಂತ್ರದ ಕೆಲಸ ಬಲ್ಲವರು. ಆಗ ಕ್ರೈಸ್ತ ಧರ್ಮಕ್ಕೆ ಸೇರಿದವರಲ್ಲಿ ಅನೇಕರು ಮನೆಯವರ ಆಸರೆಯನ್ನೂ ಕುಲಕಸುಬನ್ನೂ ಕಳೆದುಕೊಂಡಿದ್ದರು. ಪ್ರಾರ್ಥನೆಯ ಜೊತೆಗೆ ಅವರಿಗೆ ಅನ್ನದ ದಾರಿಯೂ ಬೇಕಿತ್ತು. ಪ್ಲೆಬ್‌ಸ್ಟ್ ಕರಾವಳಿಯ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಮೊದಮೊದಲು ಅಲ್ಲಿದ್ದದ್ದು ಇಬ್ಬರು ಕೆಲಸಗಾರರು, ಒಂದು ಜೊತೆ ಎತ್ತು. ದಿನಕ್ಕೆ 360 ಹೆಂಚು. ಮುಂದೆ ಆ ಉದ್ಯಮ ಸಾವಿರಾರು ಸಂಸಾರಗಳಿಗೆ ಅನ್ನ ಕೊಟ್ಟಿತು. ಮಂಗಳೂರು ಹೆಂಚು ಯಾವ ಮತದವರ ಮನೆ ಎಂದು ಕೇಳದೆ ಎಲ್ಲರ ತಲೆಯ ಮೇಲೂ ನೆರಳಾಯಿತು. ಕಿಟೆಲರ ನಿಘಂಟೂ ಅಷ್ಟೇ. ಅದನ್ನು ತೆರೆಯುವ ಕೈ ಯಾರದೆಂದು ಅದು ಕೇಳುವುದಿಲ್ಲ. ದೇವರಿಂದ ಪಡೆದ ವರವನ್ನು ಒಳ್ಳೆಯ ಮನೆವಾರ್ತೆಯವರಂತೆ ಒಬ್ಬರಿಗೊಬ್ಬರು ಸೇವೆ ಮಾಡುವುದಕ್ಕೆ ಬಳಸಬೇಕೆಂದು ಪೇತ್ರನ ಮೊದಲನೆಯ ಪತ್ರ ಬೋಧಿಸುವುದೂ ಇದನ್ನೇ.

ಇದನ್ನೆಲ್ಲ ಹೇಳುವ ನಾನು ಹೂತಿಟ್ಟವನೇ. ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ತಾಯಿಯೊಬ್ಬರು, "ನೀವು ಬಿ.ಎಸ್ಸಿ. ಓದಿದವರಲ್ಲವೇ ಸಾರ್, ನನ್ನ ಮಗಳು ಎರಡು ಸಲ ಗಣಿತದಲ್ಲಿ ಫೇಲಾಗಿದ್ದಾಳೆ, ಸ್ವಲ್ಪ ಹೇಳಿಕೊಡಿ" ಎಂದರು. "ಚಿತ್ರೀಕರಣದ ಕೆಲಸ, ಪುರಸೊತ್ತೇ ಇಲ್ಲಮ್ಮ" ಎಂದುಬಿಟ್ಟೆ. ಅದು ಅರ್ಧ ಸತ್ಯ. ಓದಿದ್ದು ಮರೆತುಹೋಗಿತ್ತು, ಹುಡುಗಿಯ ಮುಂದೆ ತಡವರಿಸಿದರೆ ಮರ್ಯಾದೆ ಏನಾದೀತೆಂಬ ಭಯವೇ ಪೂರ್ತಿ ಸತ್ಯ. ಮುಂದಿನ ಭಾನುವಾರ ದೇವಾಲಯದಲ್ಲಿ ಇದೇ ಸಾಮ್ಯದ ಪಾಠ ಬಂತು. ಆ ತಾಯಿ ನನ್ನ ಮುಂದಿನ ಬೆಂಚಿನಲ್ಲಿಯೇ ಕುಳಿತಿದ್ದರು. ತಲೆಯೆತ್ತಲಾಗಲಿಲ್ಲ.

ಆ ಸಂಜೆ ಹತ್ತನೆಯ ತರಗತಿಯ ಪುಸ್ತಕ ಕೊಂಡು ತಂದೆ. ಮೊದಲ ದಿನವೇ ಒಂದು ಲೆಕ್ಕದಲ್ಲಿ ತಪ್ಪಿದೆ. "ಸಾರ್, ಇಲ್ಲಿ ಮೈನಸ್ ಬರಬೇಕಲ್ಲವಾ?" ಎಂದಳು ಹುಡುಗಿ. ಎರಡು ಸಲ ಫೇಲಾದ ಮಗುವಿನ ಮುಖದಲ್ಲಿ ಆಗ ಕಂಡ ಬೆಳಕು, ನಾನು ಸರಿಯಾಗಿ ಮಾಡಿದ್ದರೆ ಕಾಣುತ್ತಿತ್ತೋ ಇಲ್ಲವೋ! ಆ ವರ್ಷ ಅವಳು 41 ಅಂಕ ತೆಗೆದುಕೊಂಡಳು. ದೊಡ್ಡ ಅಂಕವಲ್ಲ, ಆದರೆ ಮುಂದಿನ ಬಾಗಿಲು ತೆರೆಯಲು ಸಾಕಾಯಿತು.

ಮೂರನೆಯ ಆಳು ಕಳ್ಳನಲ್ಲ, ದುಂದುಗಾರನೂ ಅಲ್ಲ. ಕೊಟ್ಟದ್ದನ್ನು ಚೊಕ್ಕವಾಗಿ ಹಿಂದಿರುಗಿಸಿದ. ಆದರೂ ಅವನು ತಪ್ಪಿತಸ್ಥನಾದ. ಏಕೆಂದರೆ ಅವನ ತಲಾಂತಿನಿಂದ ಯಾರ ಒಲೆಯೂ ಉರಿಯಲಿಲ್ಲ.

ನಿಮಗೆ ಹೊಲಿಗೆ ಬರುತ್ತದೆಯೇ? ಅರ್ಜಿ ಬರೆಯಲು ಬರುತ್ತದೆಯೇ? ರೋಗಿಯ ಪಕ್ಕದಲ್ಲಿ ಸುಮ್ಮನೆ ಕುಳಿತಿರುವ ತಾಳ್ಮೆಯಿದೆಯೇ? ಅದು ಒಂದೇ ಇರಬಹುದು. ಇಪ್ಪತ್ತು ವರ್ಷದ ಕೂಲಿಗೆ ಸಮ ಎಂಬುದನ್ನು ಮರೆಯಬೇಡಿ. ಯಾರೋ ಒಬ್ಬರು ಈಗಾಗಲೇ ನಿಮ್ಮನ್ನು ಕೇಳಿರುತ್ತಾರೆ. ಪುರಸೊತ್ತಿಲ್ಲ ಎಂದು ನೀವು ಹೇಳಿರುತ್ತೀರಿ. ಈ ಸಂಜೆ ಅವರ ಮನೆಗೆ ಒಮ್ಮೆ ಹೋಗಿ ಬನ್ನಿ.