ಹೊಟ್ಟೆಗೂ ಮದ್ದು, ಹುಲ್ಲಿಗೂ ಮದ್ದು

(ಮಳೆಗಾಲದ ಆಹಾರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹೊಟ್ಟೆಯುಬ್ಬರ ಸಭೆಯಲ್ಲಿ ಮಾತನಾಡುವ ವಿಷಯವೇ ಎಂದು ಕೆಲವರಿಗೆ ಅನಿಸಿರಬಹುದು. ಆದರೆ ಮಳೆ ಹಿಡಿದು, ಓಡಾಟ ಕಡಿಮೆಯಾಗಿ, ಹಲಸಿನ ಬೇಳೆ, ಹುರುಳಿ, ಅಲಸಂದೆಗಳೇ ಅಡುಗೆಗೆ ಆಧಾರವಾಗುವ ನಮ್ಮ ಮಲೆನಾಡಿನಲ್ಲಿ ಇದು ಮನೆಮನೆಯ ಮಾತು. ಅದಕ್ಕೆಂದು ಪೇಟೆಯಿಂದ ನೊರೆಯೇಳುವ ಪುಡಿಯ ಪೊಟ್ಟಣಗಳನ್ನು ತಂದಿಡುವುದು ಈಗ ರೂಢಿಯಾಗಿದೆ. ಅವುಗಳಲ್ಲಿ ಮುಖ್ಯವಾಗಿ ಇರುವುದು ಸೋಡಾ ಮತ್ತು ಹುಳಿ. ನೀರಿಗೆ ಬಿದ್ದಾಗ ಏಳುವ ಆ ನೊರೆಯೂ ಗಾಳಿಯೇ! ಸೋಡಾದೊಂದಿಗೆ ಸೋಡಿಯಂ ಕೂಡ ಒಳಗೆ ಹೋಗುವುದರಿಂದ ರಕ್ತದೊತ್ತಡ ಇರುವವರು ಇದನ್ನು ನಿತ್ಯದ ಅಭ್ಯಾಸ ಮಾಡಿಕೊಳ್ಳಬಾರದು.

ಗಾಳಿ ಹುಟ್ಟುವುದು ಹೇಗೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ದ್ವಿದಳ ಧಾನ್ಯಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಹೀಗಾಗಿ ಅವು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿದಾಗ ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟುತ್ತದೆ. ಇದು ರೋಗವಲ್ಲ, ಕರುಳಿನ ಸಹಜ ವ್ಯಾಪಾರ. ಮಿತಿಮೀರಿದಾಗ ಮಾತ್ರ ಸಂಕಟ. ಕಾಳನ್ನು ಮುನ್ನಾದಿನವೇ ನೆನೆಹಾಕಿ, ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಈ ಸಕ್ಕರೆಗಳಲ್ಲಿ ಒಂದಷ್ಟು ನೀರಿನೊಂದಿಗೇ ಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನಷ್ಟು ಕಡಿಮೆಯಾಗುತ್ತದೆ. ಹುರುಳಿಕಟ್ಟಿನ ಸಾರನ್ನು ಇಷ್ಟಪಡುವವರು ಗಾಬರಿಯಾಗಬೇಕಿಲ್ಲ. ಚೆಲ್ಲಬೇಕಾದದ್ದು ನೆನೆಸಿದ ನೀರನ್ನು, ಬೇಯಿಸಿದ ಕಟ್ಟನ್ನಲ್ಲ. ಅವಸರದಲ್ಲಿ ಉಣ್ಣುವವರು ತುತ್ತಿನೊಂದಿಗೆ ಗಾಳಿಯನ್ನೂ ನುಂಗುತ್ತಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಪರಿಹಾರದ ಮಾತು. ನನ್ನ ದೃಷ್ಟಿಯಲ್ಲಿ ಮಲೆನಾಡಿನ ಅಡುಗೆಮನೆಯ ಅತ್ಯುತ್ತಮ ಮದ್ದು ತಂಬುಳಿ. ದೊಡ್ಡಪತ್ರೆಯ ಎಂಟು-ಹತ್ತು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸುಗಳನ್ನು ತುಪ್ಪದಲ್ಲಿ ಬಾಡಿಸಿ, ಒಂದು ಹಿಡಿ ಕಾಯಿತುರಿಯೊಡನೆ ನುಣ್ಣಗೆ ಅರೆದು, ಕಡೆದ ಮಜ್ಜಿಗೆಯಲ್ಲಿ ಕದಡಿದರೆ ಮುಗಿಯಿತು. ಕುದಿಸಬೇಕಾಗಿಲ್ಲ. ಊಟದ ಆರಂಭದಲ್ಲಿ ಬಿಸಿ ಅನ್ನದೊಡನೆ ಉಣ್ಣಬೇಕು. ದೊಡ್ಡಪತ್ರೆಯ ಘಾಟು ಓಮದ ಘಾಟನ್ನು ಹೋಲುವುದು ಆಕಸ್ಮಿಕವಲ್ಲ. ಥೈಮಾಲ್ ಮತ್ತು ಅದರ ಬಳಗದ ತೈಲಾಂಶಗಳು ಎರಡರಲ್ಲಿಯೂ ಇವೆ. ಹಾಲು ಒಗ್ಗದ ಅನೇಕರಿಗೆ ಮಜ್ಜಿಗೆ ಒಗ್ಗುತ್ತದೆ, ಏಕೆಂದರೆ ಹಾಲು ಹೆಪ್ಪಾಗುವಾಗಲೇ ಅದರ ಸಕ್ಕರೆಯಲ್ಲಿ ಒಂದು ಪಾಲನ್ನು ಸೂಕ್ಷ್ಮಜೀವಿಗಳು ಕರಗಿಸಿರುತ್ತವೆ. ಶುಂಠಿ ಜಠರದಿಂದ ಆಹಾರವನ್ನು ಮುಂದಕ್ಕೆ ಸಾಗಿಸಲು ನೆರವಾಗುತ್ತದೆ. ಇಂಗು ಒಳ್ಳೆಯದೇ, ಆದರೆ ಅದು ಇಲ್ಲಿಯದಲ್ಲ. ತಲೆತಲಾಂತರದಿಂದ ಅಫ್ಘಾನಿಸ್ತಾನ, ಇರಾನುಗಳಿಂದ ಬಂದದ್ದು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದರ ಗಿಡ ನೆಟ್ಟು ಪ್ರಯೋಗ ಆರಂಭಿಸಿದ್ದೇ 2020ರಲ್ಲಿ. ಡಬ್ಬಿಯ ಇಂಗಿನಲ್ಲಿ ಬಹುಪಾಲು ಹಿಟ್ಟು ಮತ್ತು ಗೋಂದು ಎಂಬುದೂ ನೆನಪಿರಲಿ.

ಈ ಶಿಬಿರದಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲು ಬೇರೊಂದು ಕಾರಣವಿದೆ. ತಂಬುಳಿಯ ಸೊಪ್ಪುಗಳಲ್ಲಿ ಬಹಳಷ್ಟನ್ನು ನಾವು ಬೆಳೆಸುತ್ತಿರಲಿಲ್ಲ. ಒಂದೆಲಗ ತೋಟದ ಕಾಲುವೆಯ ಪಕ್ಕದಲ್ಲಿ, ಗದ್ದೆಯ ಬದುವಿನಲ್ಲಿ ತಾನಾಗಿ ಹಬ್ಬುತ್ತಿತ್ತು. ನಮ್ಮ ಭಾಷೆಯಲ್ಲಿ ಹೊಟ್ಟೆನೋವಿಗೆ ಕೊಡುವುದೂ ಮದ್ದು, ಅಡಿಕೆಯ ಕೊಳೆಗೆ ಹೊಡೆಯುವುದೂ ಮದ್ದು. ಈಗ ಹುಲ್ಲಿಗೂ ಮದ್ದು ಬಂದಿದೆ. ಕೂಲಿಗೆ ಜನ ಸಿಗುವುದಿಲ್ಲವೆಂಬ ರೈತರ ಕಷ್ಟ ಸುಳ್ಳಲ್ಲ. ಕತ್ತಿ ಹಿಡಿದು ಇಡೀ ತೋಟ ಸವರುವುದು ಸುಲಭವೂ ಅಲ್ಲ. ಆದರೆ ಕಳೆನಾಶಕಕ್ಕೆ ಕಳೆ ಯಾವುದು, ಒಂದೆಲಗ ಯಾವುದು ಎಂಬ ವಿವೇಚನೆ ಇಲ್ಲ. ಸಿಂಪಡಿಸಿದ ಜಾಗದಲ್ಲಿ ಅಳಿದುಳಿದ ಸೊಪ್ಪನ್ನು ಕೊಯ್ದು ಹಸಿಯಾಗಿ ಅರೆದು ಉಣ್ಣುವುದು ಅಪಾಯ. ಕಾಲುವೆಯ ಇಕ್ಕೆಲದ ನಾಲ್ಕು ಮಾರು ಜಾಗವನ್ನಾದರೂ ಕತ್ತಿಗೆ ಬಿಟ್ಟುಕೊಡಿ ಎಂಬುದು ನನ್ನ ಬೇಡಿಕೆ. ಶುಂಠಿಯ ಕಥೆ ಇನ್ನೂ ವಿಚಿತ್ರ. ಗುತ್ತಿಗೆಗೆ ಹಿಡಿದ ಗದ್ದೆಗಳಲ್ಲಿ ವಿಷ ಸುರಿದು ಬೆಳೆದು, ಗಡ್ಡೆಕೊಳೆ ಕಾಣಿಸಿದೊಡನೆ ಬೇರೆ ಗದ್ದೆಗೆ ಹೋಗುವ ಕ್ರಮ ನಮ್ಮಲ್ಲಿ ವ್ಯಾಪಕವಾಗಿದೆ. ಮನೆಯ ಕಷಾಯಕ್ಕೆ ಬೇಕಾದ ಶುಂಠಿಗೆ ಹಿತ್ತಿಲಲ್ಲಿ ನಾಲ್ಕು ಗಡ್ಡೆ ಹೂತರೆ ಸಾಕು.

ಒಂದು ಎಚ್ಚರಿಕೆ. ಮೂರು ವಾರ ಕಳೆದರೂ ಉಬ್ಬರ ಇಳಿಯದಿದ್ದರೆ, ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿಯೊಡನೆ ಮಲವೂ ಗಾಳಿಯೂ ನಿಂತುಹೋದರೆ ಕಷಾಯ ಕುಡಿಯುತ್ತ ಕೂರಬಾರದು. ಕೊನೆಯದಂತೂ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ. ಐವತ್ತು ದಾಟಿದ ತಾಯಂದಿರಲ್ಲಿ ಹೊಸದಾಗಿ ಕಾಣಿಸಿಕೊಂಡು ಬಿಡದೆ ಕಾಡುವ ಉಬ್ಬರ ಅಂಡಾಶಯದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ನಮ್ಮ ಹೆಂಗಸರು ಇದನ್ನು ‘ಬರೀ ವಾಯು’ ಎಂದು ತಳ್ಳಿಹಾಕಿ ತಿಂಗಳುಗಟ್ಟಲೆ ಕಳೆಯುತ್ತಾರೆ, ಮನೆಯವರೂ ಕೇಳುವುದಿಲ್ಲ.

ಹೊರಗಿನ ಜಗುಲಿಯಲ್ಲಿ ದೊಡ್ಡಪತ್ರೆಯ ಕಡ್ಡಿಗಳನ್ನೂ, ಬೇರುಸಹಿತ ತಂದ ಒಂದೆಲಗವನ್ನೂ ಇಟ್ಟಿದ್ದೇವೆ. ಕಡ್ಡಿಯನ್ನು ನೀರು ನಿಲ್ಲದ ಜಾಗದಲ್ಲಿ ಊರಿ. ಒಂದೆಲಗಕ್ಕೆ ಮಾತ್ರ ತಂಪು ಬೇಕು, ಬಚ್ಚಲ ನೀರು ಹರಿದುಹೋಗುವ ಕಡೆ ಬೇಡ, ಬಾವಿಕಟ್ಟೆಯ ಪಕ್ಕದಲ್ಲಿ ನೆಡಿ.