ಗುಜರಿಗೆ ಹಾಕುವ ಮುನ್ನ

ಅಟ್ಟದಿಂದ ಇಳಿಸಿದ ಹಳೆಯ ಟೈಪ್‌ರೈಟರಿನ ಕೀಲಿ ಅಲುಗದಿದ್ದರೆ, ಕೆಟ್ಟೇಹೋಗಿದೆ ಎಂದು ಕೈಬಿಡುತ್ತೇವೆ. ಬಹಳ ಸಲ ಅಚ್ಚಿನ ಕಡ್ಡಿಗಳು ಕೂರುವ ಸಣ್ಣ ಸೀಳುಗಳಲ್ಲಿ ಹಳೆಯ ಎಣ್ಣೆ, ಧೂಳು ಸೇರಿ ಅಂಟಾಗಿರುತ್ತದೆ, ಅಷ್ಟೆ. ಅಲ್ಲಿಗೆ ಮತ್ತೆ ಎಣ್ಣೆ ಬಿಡಲೇಬಾರದು. ಇನ್ನಷ್ಟು ಧೂಳು ಹಿಡಿಯುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್‌ನಿಂದ ನಿಧಾನವಾಗಿ ಉಜ್ಜುತ್ತಾ, ಕೀಲಿಗಳನ್ನು ಮತ್ತೆ ಮತ್ತೆ ಒತ್ತುತ್ತಿದ್ದರೆ ಒಂದೊಂದೇ ಅಕ್ಷರ ಸಡಿಲಗೊಳ್ಳುತ್ತದೆ. ಅವಸರ ಮಾಡಿದರೆ ಕಡ್ಡಿ ಬಗ್ಗೀತು. ಆಮೇಲೆ ಹೊಸ ರಿಬ್ಬನ್.

ಕನ್ನಡದ ಯಂತ್ರವಾದರಂತೂ ಇನ್ನೂ ಜೋಪಾನ. ಕಾಗುಣಿತ, ಒತ್ತಕ್ಷರಗಳ ನಮ್ಮ ತುಂಬು ಲಿಪಿಯನ್ನು ಆ ಕೆಲವೇ ಕೀಲಿಗಳಿಗೆ ಹೊಂದಿಸಿಕೊಟ್ಟವರು ಕೆ. ಅನಂತಸುಬ್ಬರಾಯರು. ಎಂಥ ತಾಳ್ಮೆಯ ಕೆಲಸ ಅದು! ನಿಮ್ಮ ಮನೆಯಲ್ಲಿ ಅಂಥದೊಂದಿದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ.