ಹಿಡಿತ ಸರಿಯಿದ್ದರೆ ಅಳತೆ ಸರಿ
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಕಪ್ಪು-ಬಸಿ ತೊಳೆದು ಬೆಳೆದ ನಾವು ಕಾರ್ಖಾನೆಯ ಅಳತೆಯ ವಿಷಯ ಹೇಳಲು ನಿಂತದ್ದನ್ನು ಕಂಡು ಕೆಲವರಿಗೆ ನಗು ಬಂದೀತು. ಆದರೆ ನಮ್ಮ ಹುಡುಗರಲ್ಲಿ ಹಲವರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಪುಣೆಯ ಭೋಸರಿ, ಪಿಂಪರಿಯ ಕಡೆ ಲೇತ್ ಕೆಲಸಕ್ಕೆ ಸೇರಿದ್ದಾರೆ. ಅವರ ಕೂಲಿ ಈಗ ಅಳತೆಯ ಮೇಲೆ ನಿಂತಿದೆ. ಆದುದರಿಂದ ಇದು ಸಂಘದ ಮಾತೇ ಆಗಿದೆ.

ಒಮ್ಮೆ ನಮ್ಮ ಹುಡುಗನೊಬ್ಬ ಕಣ್ಣೀರು ತುಂಬಿಕೊಂಡು ಸಂಘಕ್ಕೆ ಬಂದ. ಅವನು ಮಾಡಿದ ತೆಳು ಉಕ್ಕಿನ ಬಳೆಗಳ ಒಳತೂತು ದುಂಡಗಿಲ್ಲವೆಂದು ತಿರಸ್ಕರಿಸಿ, ಕೂಲಿ ಹಿಡಿದಿದ್ದರು. ನಮ್ಮ ಸದಸ್ಯರಾದ ಹಿರಿಯ ಫಿಟ್ಟರರೊಬ್ಬರನ್ನು ಕರೆದುಕೊಂಡು ನಾವು ಅಲ್ಲಿಗೆ ಹೋದೆವು. ಹಿರಿಯರು ಜಗಳಕ್ಕೆ ಇಳಿಯಲಿಲ್ಲ. “ಅಳೆದದ್ದು ಹೇಗೆ, ತೋರಿಸಿ” ಎಂದರು, ಅಷ್ಟೆ. ಪರೀಕ್ಷಕರು ಬಳೆಯನ್ನು ವೈಸಿಗೆ ಸಿಕ್ಕಿಸಿ, ಬಿಗಿಯಾಗಿ ತಿರುಗಿಸಿ, ಒಳಗೆ ಗೇಜು ಇಟ್ಟರು. ಎರಡು ಕಡೆಯಿಂದ ಒತ್ತಿದ ಬಳೆ ದುಂಡಗೆ ಉಳಿಯುವುದುಂಟೇ? ಒತ್ತಿದ ಕಡೆ ಕಿರಿದು, ಅಡ್ಡಕ್ಕೆ ಅಗಲ! ವೈಸು ಸಡಿಲಿಸಿ, ಸರ್ಫೇಸ್ ಪ್ಲೇಟಿನ ಮೇಲೆ ಸುಮ್ಮನೆ ಮಲಗಿಸಿ ಅಳೆದಾಗ ಹೆಚ್ಚಿನವು ಸರಿಯಾಗಿಯೇ ಇದ್ದವು.

ಆದರೆ ಎಲ್ಲವೂ ಸರಿಯಿರಲಿಲ್ಲ, ಇದನ್ನೂ ಮುಚ್ಚಿಡಬಾರದು. ಹಿರಿಯರು ಬಳೆಗಳನ್ನು ಒಂದೊಂದಾಗಿ ವಿ-ಬ್ಲಾಕಿನಲ್ಲಿ ಕೂರಿಸಿ, ಒಳಮೈಗೆ ಡಯಲಿನ ತುದಿ ತಾಗಿಸಿ, ಮೆಲ್ಲಗೆ ತಿರುಗಿಸಿದರು. ಕೆಲವು ಬಳೆಗಳಲ್ಲಿ ಮುಳ್ಳು ಒಂದು ಸುತ್ತಿಗೆ ಮೂರು ಸಲ ಏರಿ ಇಳಿಯಿತು. ಅದು ನಮ್ಮ ಹುಡುಗನ ತಪ್ಪು. ಮೂರು ದವಡೆಯ ಚಕ್ಕಿನಲ್ಲಿ ಅತಿಯಾಗಿ ಬಿಗಿದು ಒಳಗೆ ಕೊರೆದಿದ್ದ. ಚಕ್ಕಿನಲ್ಲಿರುವಾಗ ತೂತು ದುಂಡಗೆ ಕಾಣುತ್ತದೆ. ಬಿಚ್ಚಿದ ಕೂಡಲೇ ಬಳೆ ತನ್ನ ಮೊದಲಿನ ರೂಪಕ್ಕೆ ಮರಳುತ್ತದೆ, ತೂತು ಮೂರು ಮೂಲೆಯಾಗುತ್ತದೆ. ಎರಡೇ ಕಡೆ ತಾಗುವ ಗೇಜಿಗೆ ಈ ದೋಷ ಸಿಕ್ಕದೆ ತಪ್ಪಿಸಿಕೊಳ್ಳಬಹುದು. ಸರಿಯಿದ್ದ ಬಳೆಗಳ ಕೂಲಿ ಹುಡುಗನಿಗೆ ಸಿಕ್ಕಿತು; ಕೆಟ್ಟವನ್ನು ಅವನು ಒಪ್ಪಿಕೊಂಡ.

ಹಾಗಾದರೆ ಹಿಡಿಯುವುದು ಹೇಗೆ? ಹೋಟೆಲಿನ ಮೇಜನ್ನು ನೆನೆಯಿರಿ. ನಾಲ್ಕು ಕಾಲಿನ ಮೇಜು ಕುಲುಕಿದರೆ ಕಾಲಿನಡಿಗೆ ಕಾಗದ ಮಡಚಿ ಇಡುತ್ತೇವೆ. ಊರಿನ ಒಲೆಯ ಮೂರು ಕಲ್ಲುಗಳ ಮೇಲೆ ಮಡಕೆ ಎಂದಾದರೂ ಕುಲುಕಿತೇ? ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಕಾರ್ಖಾನೆಯ ನಿಯಮವೂ ಇದೇ: ತುಂಡಿನ ಅಡಿಗೆ ಮೂರು ಆಸರೆ, ಪಕ್ಕಕ್ಕೆ ಎರಡು, ತುದಿಗೆ ಒಂದು. ಈ ಆರರಲ್ಲಿ ತುಂಡು ತನ್ನ ಜಾಗ ಹಿಡಿಯುತ್ತದೆ. ಆಮೇಲೆ ಕ್ಲಾಂಪನ್ನು ಆಸರೆಯ ನೇರಕ್ಕೇ ಇಟ್ಟು, ಅಲುಗಾಡದಷ್ಟು ಮಾತ್ರ ಬಿಗಿಯಬೇಕು. ಆಸರೆಯಿಲ್ಲದ ಕಡೆ ಬಿಗಿದರೆ ತುಂಡು ಬಾಗುತ್ತದೆ, ನೀವು ಬಾಗಿದ್ದನ್ನೇ ಅಳೆಯುತ್ತೀರಿ.

ಉದ್ದನೆಯ ಸಲಾಕೆಯನ್ನು ಎರಡು ತುದಿಗಳಲ್ಲಿ ಆನಿಸಿದರೆ ನಡುವೆ ಜೋಲುತ್ತದೆ. ಉದ್ದವನ್ನು 9 ಪಾಲು ಮಾಡಿ, ಪ್ರತಿ ತುದಿಯಿಂದ ಸುಮಾರು 2 ಪಾಲು ಒಳಗೆ ಆಸರೆ ಕೊಡಿ. ಜೋಲುವುದು ಬಹಳ ಕಡಿಮೆಯಾಗುತ್ತದೆ. ದಂಡದ ನೆಟ್ಟಗನ್ನು ವಿ-ಬ್ಲಾಕುಗಳ ಮೇಲೆ ತಿರುಗಿಸಿ ನೋಡುವಾಗ ಇನ್ನೊಂದು ಎಚ್ಚರ: ಮುಳ್ಳು 10 ಮನೆ ಓಡಿದರೆ ದಂಡ ಅಲ್ಲಿ ನಡುಗೆರೆಯಿಂದ ಸರಿದದ್ದು 5 ಮನೆ ಮಾತ್ರ. ಗಿರಣಿಯ ಸ್ಪಿಂಡಲ್ ನೋಡಿದ ಹಿರಿಯರಿಗೆ ಇದು ತಿಳಿದದ್ದೇ.

ಡಯಲಿನ ಸ್ಟ್ಯಾಂಡೂ ಹಿಡಿತದ ಒಂದು ಭಾಗವೇ. ಉದ್ದ ತೋಳು ಚಾಚಿದರೆ ಅದು ನಡುಗುತ್ತದೆ, ತೋಳು ಗಿಡ್ಡವಿರಲಿ. ಅಳೆಯುವ ಮೊದಲು ತುಂಡನ್ನೂ ಪ್ಲೇಟನ್ನೂ ಒರೆಸಿರಿ. ಅಡಿಯಲ್ಲಿ ಸಿಕ್ಕ ಒಂದು ಲೋಹದ ಚೂರು, ಅಂಚಿನಲ್ಲಿ ಉಳಿದ ಒಂದು ಮುಳ್ಳು ಇಡೀ ದಿನದ ದುಡಿಮೆಯನ್ನು ಕೆಡಿಸಬಲ್ಲದು. ಲೇತಿನಿಂದ ಇಳಿಸಿದ ಬಿಸಿ ತುಂಡನ್ನು ಕೂಡಲೇ ಅಳೆಯಬೇಡಿರಿ. ಅಳತೆಯ ಉಷ್ಣತೆ 20 ಡಿಗ್ರಿ ಎಂದು ಲೋಕವೆಲ್ಲ ಒಪ್ಪಿದೆ. 100 ಮಿಲಿಮೀಟರ್ ಉಕ್ಕು 10 ಡಿಗ್ರಿ ಬಿಸಿಯೇರಿದರೆ ಸುಮಾರು 11 ಮೈಕ್ರಾನು ಬೆಳೆಯುತ್ತದೆ. ಕೈಯ ಬಿಸಿಯೂ ಸಾಕು.

ಬಂಧುಗಳೇ, ಕೂಲಿ ಹಿಡಿದರೆಂದು ಕೂಗುವ ಮೊದಲು “ಹೇಗೆ ಹಿಡಿದು ಅಳೆದಿರಿ?” ಎಂದು ಕೇಳಲು ಕಲಿಯೋಣ. ಆ ಪ್ರಶ್ನೆಯನ್ನು ಮೊದಲು ನಮಗೆ ನಾವೇ ಕೇಳಿಕೊಳ್ಳೋಣ. ನಮ್ಮ ಕೆಲಸ ಸರಿಯೆಂದು ಪ್ಲೇಟಿನ ಮೇಲೆ ಇಟ್ಟು ತೋರಿಸಬಲ್ಲ ಕೆಲಸಗಾರನ ಮಾತನ್ನು ಯಾವ ಯಜಮಾನನೂ ಸುಲಭವಾಗಿ ತಳ್ಳಿಹಾಕಲಾರ. ಗೊತ್ತಿದ್ದವರು ಗೊತ್ತಿಲ್ಲದ ತಮ್ಮಂದಿರಿಗೆ ವಾರಕ್ಕೊಂದು ಗಂಟೆ ಹೇಳಿಕೊಡಿರಿ; ಸಂಘದ ಕೋಣೆ ತೆರೆದಿರುತ್ತದೆ.